ದಿಲ್ಲಿಯಲ್ಲಿ ಕುಳಿತುಕೊಳ್ಳಲು ಒಂದು ಜಾಗ

ದಿಲ್ಲಿಗೆ ಬಂದ ಮೂರನೆಯ ದಿನ ಸಂಜೆ, ಓಖ್ಲಾದ ಫ್ಯಾಕ್ಟರಿ ಗೇಟಿನಲ್ಲಿ ಒಬ್ಬ ಕಾವಲುಗಾರ ನನ್ನ ಅಂಗಿಯ ಮೇಲಿಂದಲೇ ಎದೆಯ ಕರಡಿಗೆಯನ್ನು ಟಕಟಕ ಬಡಿದು, "ಇಸ್ ಡಿಬ್ಬೀ ಮೇ ಕ್ಯಾ ಹೈ?" ಎಂದ. ಈ ಡಬ್ಬಿಯಲ್ಲಿ ಏನಿದೆ ಅಂತ.

ಗದಗಿನ ಕಡೆಯ ನಮ್ಮ ಊರಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಪೂಜೆಯ ಹೊತ್ತು ಬಿಟ್ಟರೆ ಅದನ್ನು ತೆರೆಯುವುದಿಲ್ಲ, ಮೈಯಿಂದ ಬೇರೆ ಮಾಡುವುದಿಲ್ಲ, ಇನ್ನೊಬ್ಬರ ಕೈಗಂತೂ ಕೊಡುವುದೇ ಇಲ್ಲ. ನಾನು ಜಂಗಮರ ಮನೆಯವನು. ಎಂಟನೆಯ ವರ್ಷಕ್ಕೇ ಅಯ್ಯಾಚಾರದ ದೀಕ್ಷೆಯಾಗಿ, ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಮುದುಕರನ್ನು ಮಣ್ಣಿಗೆ ಕೊಡುವವರೆಗಿನ ಕೆಲಸಕ್ಕೆ ತಯಾರಾದವನು. ಆದರೆ ಓಖ್ಲಾದಲ್ಲಿ ನಾನು ಬಟನ್ ಖರೀದಿಯ ನೌಕರ. ವಿದೇಶಕ್ಕೆ ಹೋಗುವ ಅಂಗಿಗಳಿಗೆ ಬಟನ್ನು, ಜಿಪ್ಪು, ಲೇಸು ಕೊಳ್ಳುವವನು. ಕಪ್ಪೆಚಿಪ್ಪಿನ ಬಟನ್ನುಗಳನ್ನು ಜನ ಬಾಯಲ್ಲಿಟ್ಟುಕೊಂಡು ಹೊರಗೆ ಸಾಗಿಸುತ್ತಿದ್ದ ಜಾಗ ಅದು. ಕಾವಲುಗಾರನಿಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ.

"ಖೋಲೋ," ಅಂದ. ತೆಗಿ.

"ನಹೀಂ ಖುಲೇಗಾ." ತೆಗೆಯುವುದಿಲ್ಲ.

ನನ್ನ ಹಿಂದೆ ಸಾಲು ಬೆಳೆಯಿತು. ಮ್ಯಾನೇಜರ್ ಖುರಾನಾ ಬಂದ. "ಪಂಡಿತ್‌ಜೀ, ಎರಡು ಸೆಕೆಂಡಿನ ಕೆಲಸ," ಎಂದು ಹಿಂದಿಯಲ್ಲಿ ರಮಿಸಿದ. ನಾನು ಹೇಳಿದೆ: ಎರಡು ಸೆಕೆಂಡು ಆಗುವುದಿಲ್ಲ, ಬೇರೆ ವ್ಯವಸ್ಥೆ ಆಗುತ್ತದೆ. ಇವತ್ತಿನಿಂದ ನಾನು ಸ್ಟೋರಿನೊಳಗೆ ಕಾಲಿಡುವುದಿಲ್ಲ. ಮಾಲು ನೇರ ನಿಮ್ಮ ಮೇಜಿಗೆ ಬರಲಿ, ಸ್ಯಾಂಪಲ್ ನಿಮ್ಮೆದುರು ನೋಡುತ್ತೇನೆ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಕೈಗೆ ಬಟನ್ನೇ ಸಿಗದವನು ಡಬ್ಬಿಯಲ್ಲಿ ಏನು ತುಂಬಿಕೊಂಡು ಹೋದಾನು?

ಖುರಾನಾ ನನ್ನನ್ನು ಒಂದು ಗಳಿಗೆ ನೋಡಿ ನಕ್ಕ. "ಇವನನ್ನು ಸದರ್ ಬಜಾರಿನ ಸಗಟು ಅಂಗಡಿಗಳಿಗೆ ಕಳಿಸಿ. ಅಂಗಡಿಯವರ ಗತಿ ಮುಗಿಯಿತು," ಅಂದ. ಕಾವಲುಗಾರ ಮಾತ್ರ ನಗಲಿಲ್ಲ. ಅವನ ಹೆಸರು ಧರಮ್‌ಪಾಲ್, ಫರೀದಾಬಾದಿನ ಆಚೆಯ ಹಳ್ಳಿಯವನು. ಮುಂದೆ ಎರಡು ವರ್ಷ ಪ್ರತಿ ಸಂಜೆ ಅವನು ನನ್ನ ಜೇಬು, ಸೊಂಟ, ಸಾಕ್ಸು ಎಲ್ಲ ತಡವಿದ. ಕರಡಿಗೆಯ ಹತ್ತಿರ ಬಂದಾಗ ಕೈ ಸುತ್ತುಹಾಕಿ ಹೋಗುತ್ತಿತ್ತು.

ಊರು ಬಿಡುವವರಿಗೆ ನಾನು ಹೇಳುವ ಮೊದಲ ಮಾತು ಇದು: ಯಾವುದನ್ನು ಬಿಡುವುದಿಲ್ಲ ಎಂದು ಮೊದಲೇ ಗಟ್ಟಿಮಾಡಿಕೊಳ್ಳಿ. ಉಳಿದದ್ದನ್ನೆಲ್ಲ ಧಾರಾಳವಾಗಿ ಬಿಡಿ. ಎಲ್ಲದಕ್ಕೂ ಹಟ ಹಿಡಿಯುವವನನ್ನು ಯಾರೂ ಕೇಳುವುದಿಲ್ಲ.

ಇರಲು ಜಾಗ ಸಿಕ್ಕಿದ್ದು ಜನಕಪುರಿಯಲ್ಲಿ, ಒಂದು ಬರ್ಸಾತಿ. ಹಾಗೆಂದರೆ ತಾರಸಿಯ ಮೇಲಿನ ಒಂಟಿ ಕೋಣೆ. ಬೇಸಿಗೆಯಲ್ಲಿ ಅದು ಒಲೆ, ಚಳಿಗಾಲದಲ್ಲಿ ಬಾವಿಯ ತಳ. ಮನೆಯೊಡತಿ ಆಂಟೀಜಿ ನನ್ನ ಹಣೆಯ ವಿಭೂತಿ ನೋಡಿದ ಕೂಡಲೇ ಅಂಗೈ ಚಾಚಿದರು, ಭವಿಷ್ಯ ಹೇಳು ಅಂತ. ನನಗೆ ಬಟನ್ ನೋಡಲು ಬರುತ್ತದೆ, ಕೈ ನೋಡಲು ಬರುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. ದಿನಕ್ಕೆ ಒಂದೇ ಬಕೆಟ್ ನೀರು ಎಂದುಬಿಟ್ಟರು. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ನನಗೆ ಊಟವಿಲ್ಲ. ಅಲ್ಲಿ ನಳದಲ್ಲಿ ನೀರು ಬರುವುದು ನಸುಕಿನ ಐದಕ್ಕೆ, ಆಂಟೀಜಿ ಏಳುವುದು ಏಳಕ್ಕೆ. ನಾನೇ ಎದ್ದು ಮೋಟರು ಹಾಕಿ ಮನೆಯ ಟ್ಯಾಂಕೆಲ್ಲ ತುಂಬಿಸುತ್ತೇನೆ, ನನಗೆ ಮೂರು ಬಕೆಟ್ ಬಿಡಿ ಎಂದೆ. ಒಪ್ಪಿದರು. ಆ ಬೀದಿಯಲ್ಲಿ ಬೇಸಿಗೆಯಲ್ಲೂ ನೀರಿಗೆ ಒದ್ದಾಡದ ಮನೆ ಅದೊಂದೇ.

ಜೋಳದ ಹಿಟ್ಟಿಗಾಗಿ ಮೂರು ಅಂಗಡಿ ಅಲೆದೆ. ನಾಲ್ಕನೆಯ ಅಂಗಡಿಯ ಭಯ್ಯಾ ಅನುಕಂಪದಿಂದ, "ಎಷ್ಟು ಹಸು ಸಾಕಿದ್ದೀರಿ?" ಎಂದು ಕೇಳಿದ. ನಮ್ಮ ಊಟ ಅಲ್ಲಿ ದನದ ಮೇವು. ಒಂದೇ ಹಸು, ಅದು ತಾರಸಿಯ ಮೇಲಿದೆ ಎಂದು ಹೇಳಿ ಐದು ಕಿಲೋ ತಂದೆ.

ಇವೆಲ್ಲ ಗೆಲ್ಲಬಹುದಾದ ಸಂಗತಿಗಳು. ಗೆಲ್ಲಲಾಗದ್ದು ಬೇರೆ. ಊರಲ್ಲಿ ನಾನು ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಹತ್ತು ಜನ ಬಗ್ಗಿ ಕಾಲು ಮುಟ್ಟುತ್ತಿದ್ದರು. ಇಲ್ಲಿ ಜನಕಪುರಿಯಿಂದ ಓಖ್ಲಾದವರೆಗೆ ಎರಡು ಬಸ್ಸು ಬದಲಿಸುವಷ್ಟರಲ್ಲಿ ಹತ್ತು ಜನ ಅದೇ ಕಾಲು ತುಳಿಯುತ್ತಿದ್ದರು. ಮೊದಲ ಚಳಿಗಾಲದಲ್ಲಿ ಎಷ್ಟೋ ದಿನ ಬೂಟು ಕಳಚಿ ಪಾದ ನೋಡಿಕೊಂಡು ಸುಮ್ಮನೆ ಕುಳಿತಿದ್ದೇನೆ. ಇದು ಯಾರ ಪಾದ? ಅಯ್ಯನದೋ, ಗುಮಾಸ್ತನದೋ?

ಉತ್ತರ ಕೊಟ್ಟವರು ಶಾಂತವ್ವ.

ಅವರ ಮಗ ಬಸವರಾಜ ಕೇಂದ್ರ ಸರ್ಕಾರದ ನೌಕರ, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ವಾಸ. ಕನ್ನಡದವರ ಒಂದು ಕೂಟದಲ್ಲಿ ನನ್ನನ್ನು ಕಂಡು, "ಅಯ್ಯನವರೇ, ನಮ್ಮ ಅವ್ವ ಬಂದು ವರ್ಷವಾಯಿತು, ಒಬ್ಬ ಜಂಗಮನ ಮುಖ ಕಂಡಿಲ್ಲ," ಎಂದು ಮನೆಗೆ ಕರೆದ. ಶಾಂತವ್ವ ಪಾದಪೂಜೆಗೆ ಕುಳಿತರು. ಎಂಬತ್ತು ದಾಟಿದ ಜೀವ. ನನ್ನ ಬಲಗಾಲಿನ ಹೆಬ್ಬೆರಳು ಕಪ್ಪುಗಟ್ಟಿದ್ದನ್ನು ನೋಡಿ ಕೈ ತಡೆದರು.

"ಯಾರ್ ತುಳದಾರ್ರಿ ಇದನ್ನ?"

"ಬಸ್ಸಿನ್ಯಾಗಬೇ. ದಿನಾ ತುಳೀತಾರ."

"ತುಳೀಲಿ ಬಿಡ್ರಿ. ಅವರಿಗೇನ್ ಗೊತ್ತು. ನನಗ ಬೇಕಾದದ್ದು ಇದ ಪಾದ," ಎಂದು ಅದರ ಮೇಲೆಯೇ ಬಿಲ್ವಪತ್ರೆ ಇಟ್ಟರು.

ಅಲ್ಲಿಂದ ಭಾನುವಾರಗಳು ತುಂಬಿಕೊಂಡವು. ದಿಲ್ಲಿ, ಗುಡಗಾಂವ್, ನೋಯ್ಡಾ, ಎಲ್ಲೆಲ್ಲಿಂದಲೋ ಕರೆ. ಮಗುವಿಗೆ ಲಿಂಗ ಕಟ್ಟಬೇಕು, ಗೃಹಪ್ರವೇಶ ಆಗಬೇಕು. ದಕ್ಷಿಣೆ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಹೊಟ್ಟೆಗೆ ಬಟನ್ ಇದೆ. ಕೂಟದ ಹಿರಿಯರಾದ ನಿವೃತ್ತ ಅಧಿಕಾರಿ ಪಾಟೀಲ ಸಾಹೇಬರಿಗೆ ಇದು ಸರಿಬರಲಿಲ್ಲ. ಎಲ್ಲರ ಎದುರು, "ಏನ್ರೀ, ಪಾರ್ಟ್‌ಟೈಮ್ ಅಯ್ಯನವರು! ಆರು ದಿನ ಸದರ್ ಬಜಾರಿನ್ಯಾಗ ಚೌಕಾಶಿ, ಏಳನೇ ದಿನ ಆಶೀರ್ವಾದ," ಅಂದರು.

"ನೀವು ವಾರಕ್ಕೆ ಎಷ್ಟು ತಾಸು ಭಕ್ತರಾಗಿರ್ತೀರಿ ಹೇಳ್ರಿ ಸಾಹೇಬರ. ಅಷ್ಟ ತಾಸು ಅಯ್ಯ ಆಗ್ತೀನಿ," ಅಂದೆ. ಜನ ನಕ್ಕರು. ಸಾಹೇಬರು ನಗಲಿಲ್ಲ.

ಒಂದು ಭಾನುವಾರ ಶಾಂತವ್ವ ಸೊಸೆಯನ್ನು ಚಹಾಕ್ಕೆ ಕಳಿಸಿ ನನ್ನನ್ನು ಹತ್ತಿರ ಕರೆದರು. ಮೊಮ್ಮಗಳು ಪಲ್ಲವಿ ಮಾತ್ರ ಮಂಚದ ಕಾಲಿಗೊರಗಿ ಹೋಂವರ್ಕ್ ಮಾಡುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ, ನನ್ನನ್ನು ಅಯ್ಯ ಅಂಕಲ್ ಎನ್ನುತ್ತಾಳೆ.

"ಅಯ್ನಾರ, ಒಂದು ಮಾತು ನಡಸಿಕೊಡ್ರಿ. ನನ್ನ ಸುಡಬ್ಯಾಡ್ರಿ. ಪೆಟ್ಟಿಗ್ಯಾಗ ಮಲಗಿಸಿ ಸಾಮಾನಿನ ಜೋಡಿ ವಿಮಾನದಾಗ ಊರಿಗೂ ಕಳಸಬ್ಯಾಡ್ರಿ. ಜೀವಮಾನ ಎಲ್ಲಾರ ಮುಂದ ನಿಂತೇ ಕಳದೇನಿ. ಹೋಗೂವಾಗರ ಕುಂತು ಹೋಗ್ತೀನಿ. ಲಿಂಗ ಕೈಯಾಗ ಹಿಡಕೊಂಡು, ಇಲ್ಲೇ ಎಲ್ಲ್ಯರ."

ನಮ್ಮವರನ್ನು ಸುಡುವುದಿಲ್ಲ. ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿಯೊಡನೆ ಮಣ್ಣು ಮಾಡುತ್ತೇವೆ. ಊರಲ್ಲಾದರೆ ಇದು ಮಾತೇ ಅಲ್ಲ. ಆದರೆ ದಿಲ್ಲಿಯಲ್ಲಿ ಯಮುನೆಯ ದಡಕ್ಕೆ ಹೋಗುವುದೊಂದೇ ಎಲ್ಲರಿಗೂ ಗೊತ್ತಿರುವ ದಾರಿ. ನಾನು ಆಗಲಿ ಎಂದುಬಿಟ್ಟೆ. ಮಾತು ಕೊಟ್ಟ ಮೇಲೆ ಮಾಲು ಹುಡುಕುವುದು ನನ್ನ ಕಸುಬೇ.

ನಾಲ್ಕು ಭಾನುವಾರ ಅಲೆದೆ. ಸ್ಮಶಾನದವರು, ಇಲ್ಲಿ ಸುಡುವುದು ಮಾತ್ರ ಎಂದರು. ಒಂದು ಖಬರಸ್ತಾನದ ಮುದುಕ ಚಹಾ ಕುಡಿಸಿ, "ಬೇಟಾ, ನಮ್ಮಲ್ಲಿ ಮಲಗಿಸುತ್ತೇವೆ, ಕುಳ್ಳಿರಿಸಿದರೆ ಪಕ್ಕದವರು ಒಪ್ಪುವುದಿಲ್ಲ," ಎಂದ. ಚರ್ಚಿನ ತೋಟದವರೂ ಮರ್ಯಾದೆಯಿಂದಲೇ ಇಲ್ಲವೆಂದರು. ಮರುದಿನ ಸೋಮವಾರ ಸಂಜೆ ಗೇಟಿನಲ್ಲಿ ಧರಮ್‌ಪಾಲ್ ಜೇಬು ತಡವುತ್ತ, ಏನು ಪಂಡಿತ್‌ಜೀ, ಮುಖ ಯಾಕೆ ಇಳಿದಿದೆ ಎಂದ. ಹೇಳಿದೆ. ಅವನ ಕೈ ನಿಂತಿತು.

"ಕುಳ್ಳಿರಿಸುತ್ತೀರಾ? ನೀವೂ?"

"ನೀವೂ ಅಂದರೆ?"

"ನಾವು ಜೋಗಿಗಳು. ನಮ್ಮ ಹಳ್ಳಿಯಲ್ಲಿ ಸಮಾಧಿ ಕೊಡುತ್ತೇವೆ. ಕುಳ್ಳಿರಿಸಿಯೇ."

ಎರಡು ವರ್ಷ ದಿನಾ ನನ್ನ ಮೈ ತಡವಿದವನ ಹತ್ತಿರ ನನಗೆ ಬೇಕಾದದ್ದು ಇತ್ತು, ನಾನು ಊರೆಲ್ಲ ಹುಡುಕುತ್ತಿದ್ದೆ.

ಮುಂದಿನ ಭಾನುವಾರ ಅವನ ಹಳ್ಳಿಗೆ ಹೋದೆ. ಅವರ ಮನೆತನದ ಹಿರಿಯ, ಎಲ್ಲರೂ ತಾವೂಜಿ, ಅಂದರೆ ಹಿಂದಿಯಲ್ಲಿ ದೊಡ್ಡಪ್ಪ, ಎಂದು ಕರೆಯುತ್ತಿದ್ದ ಮುದುಕ, ಬೇವಿನ ಮರದಡಿ ಹಗ್ಗದ ಮಂಚದ ಮೇಲೆ ಹುಕ್ಕಾ ಹಿಡಿದು ಕುಳಿತಿದ್ದ. ಇಲ್ಲಿ ನಾನು ಜೀವನದ ದೊಡ್ಡ ತಪ್ಪು ಮಾಡಿದೆ. ಅಭ್ಯಾಸಬಲ. ಜಾಗ ಸಣ್ಣದು ಸಾಕು, ಮೂಲೆಯಾದರೂ ನಡೆದೀತು, ರಸ್ತೆಯಿಂದ ದೂರವಿದೆ, ಹಾಗಾಗಿ ನೋಡಿ ಒಂದು ರೇಟು ಹೇಳಿ ಎಂದು ಸದರ್ ಬಜಾರಿನ ಧಾಟಿಯಲ್ಲಿ ಶುರುಮಾಡಿದೆ. ಮುದುಕ ಹುಕ್ಕಾದ ನಳಿಗೆ ಬಾಯಿಂದ ತೆಗೆದ.

"ಧರಮ್‌ಪಾಲ್, ಇವನು ಮಾಲು ಕೊಳ್ಳಲು ಬಂದಿದ್ದಾನಾ? ಹಿರಿಯರು ಕುಳಿತ ನೆಲ ಮಾರುವವರಾ ನಾವು? ಕರೆದುಕೊಂಡು ಹೋಗು."

ನಾನೇ ದಕ್ಷಿಣೆ ಮುಟ್ಟದವನು. ಭಕ್ತರು ನೋಟು ಚಾಚಿದಾಗ ನನಗಾಗುವ ಸಿಟ್ಟು ಆ ಮುಖದಲ್ಲಿತ್ತು. ನೆಲದ ಮೇಲೆ ಕುಳಿತು, ತಪ್ಪಾಯಿತು ತಾವೂಜಿ, ಕೆಲಸದ ನಾಲಗೆ ಎಂದೆ. ಆತ ಹುಕ್ಕಾ ಕೆಳಗಿಟ್ಟ. ಆಮೇಲೆ ಕೇಳಿದ್ದು ಒಂದೇ: "ಆ ತಾಯಿಯ ಕೈಯಲ್ಲಿ ಏನಿಡುತ್ತೀರಿ?"

ಅವರದೇ ಲಿಂಗ ಎಂದೆ. "ಅದು ಹೇಗಿರುತ್ತದೆ? ನಿನ್ನದು ತೋರಿಸು," ಎಂದು ನನ್ನ ಕರಡಿಗೆಯತ್ತ ಕೈ ಮಾಡಿದ.

ನಾನು ಬಾಯಿ ತೆರೆಯುವ ಮೊದಲೇ ಧರಮ್‌ಪಾಲ್ ಹೇಳಿದ: "ತಾವೂಜಿ, ವೋ ನಹೀಂ ಖುಲ್ತಾ."

ಅದು ತೆರೆಯುವುದಿಲ್ಲ ಅಂತ. ಮುದುಕ ತಲೆಯಾಡಿಸಿ, "ತೋ ಠೀಕ್ ಹೈ," ಎಂದ. ಬೇವಿನ ಮರದ ಆಚೆಯ ಜಾಗ ತೋರಿಸಿದ.

ನಮ್ಮ ಮನೆತನದ ಪದ್ಧತಿಯಲ್ಲಿ ಕುಣಿಯ ಅಳತೆ ಹೋದವರ ಪಾದದಿಂದ ತೆಗೆಯುವುದು. ಅಗೆಯುವವರು ಫರೀದಾಬಾದಿನ ಆಚೆ, ಪಾದ ಕಿದ್ವಾಯಿ ನಗರದಲ್ಲಿ. ಹಾಗಾಗಿ ಬಟನ್ ಆರ್ಡರ್ ಫಾರಂ ಒಂದರ ಹಿಂಬದಿ ಶಾಂತವ್ವನ ಪಾದವಿಡಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. "ಚಪ್ಪಲಿ ಹೊಲಸ್ತೀರೇನ್ರಿ ನನಗ?" ಎಂದು ಬೊಚ್ಚುಬಾಯಿ ತುಂಬ ನಕ್ಕರು. ಕಾಗದ ತಾವೂಜಿಯ ಕೈ ಸೇರಿತು. ಕೆಲಸವನ್ನು ಹೊತ್ತು ಬರುವ ಮುಂಚೆ ಅರ್ಧ ಮುಗಿಸಿಡಬೇಕು. ಇದನ್ನು ಬಟನ್ನು ಕಲಿಸಿದ್ದು, ಮಠ ಕಲಿಸಿದ್ದಲ್ಲ.

ಆ ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಆ ದಿನ ಬಂತು. ಬೆಳಿಗ್ಗೆ ಹತ್ತಕ್ಕೆ ಖುರಾನಾನ ಮೇಜಿನ ಮುಂದೆ ನಿಂತಿದ್ದೆ. ಮರುದಿನ ಹಡಗಿಗೆ ಹೋಗಬೇಕಾದ ಅಂಗಿಗಳಿಗೆ ಬಂದ ಬಟನ್ನಿನ ಬಣ್ಣ ಒಂದು ಛಾಯೆ ತಪ್ಪಿತ್ತು. ಆಗ ಬಸವರಾಜನ ಫೋನು. "ಅಯ್ಯನವರೇ, ಅವ್ವ ಹೋದಳು," ಎಂದ, ಮುಂದೆ ಅಳು. ಯಾವಾಗ ಎಂದೆ. ಎಂಟಕ್ಕೆ.

ಮೈ ಸೆಟೆಯುವ ಮೊದಲು ಕುಳ್ಳಿರಿಸಬೇಕು. ಇಲ್ಲದಿದ್ದರೆ ಆಗುವುದಿಲ್ಲ.

"ಆಜ್ ನಹೀಂ, ಪಂಡಿತ್‌ಜೀ," ಎಂದ ಖುರಾನಾ. "ಇವತ್ತು ಹೊರಗೆ ಹೋದರೆ ನಾಳೆ ಒಳಗೆ ಬರಬೇಡ. ನೀನು ಪೂಜಾರಿಯೋ, ಖರೀದಿಯವನೋ, ಆರಿಸಿಕೋ."

"ಆರಿಸುವುದಿಲ್ಲ," ಅಂದೆ. "ಸಂಜೆ ಆರಕ್ಕೆ ಸರಿಯಾದ ಬಟನ್ ನಿಮ್ಮ ಮೇಜಿನ ಮೇಲಿರುತ್ತದೆ. ಇಲ್ಲದಿದ್ದರೆ ನಾಳೆ ನಾನೇ ಬರುವುದಿಲ್ಲ. ಇದ್ದರೆ ಬರುತ್ತೇನೆ. ಇನ್ನು ಮುಂದೆ ಸಾವಿಗೆ ಹೋಗಲು ನಿಮ್ಮ ಅಪ್ಪಣೆ ಕೇಳುವುದಿಲ್ಲ." ಅವನು ಏನೋ ಕೂಗಿದ. ನಾನು ಆಗಲೇ ಮೆಟ್ಟಿಲ ಮೇಲಿದ್ದೆ. ಗೇಟಿನಲ್ಲಿ ಧರಮ್‌ಪಾಲ್‌ಗೆ ಹೇಳಿದೆ, ಅವನು ಹಳ್ಳಿಗೆ ಫೋನು ಹಚ್ಚಿದ.

ಕಿದ್ವಾಯಿ ನಗರದ ಬಾಗಿಲಲ್ಲಿ ಆಗಲೇ ಚಟ್ಟದ ವ್ಯಾನು. ಒಳಗೆ ಶಾಂತವ್ವನನ್ನು ಐಸ್‌ಗಡ್ಡೆಗಳ ಮೇಲೆ ಅಂಗಾತ ಮಲಗಿಸಿದ್ದರು. ಪಾಟೀಲ ಸಾಹೇಬರು ಉಸ್ತುವಾರಿ ವಹಿಸಿಕೊಂಡಿದ್ದರು.

"ಬರ್ರಿ. ಎಲ್ಲಾ ವ್ಯವಸ್ಥಾ ಆಗೇದ. ಒಂದು ಮಂತ್ರ ಹೇಳಿಬಿಡ್ರಿ. ದಿಲ್ಲಿಯೊಳಗ ದಿಲ್ಲಿಯವರಂಗ ನಡೀಬೇಕು."

"ಮೊದಲು ಅವ್ವನ್ನ ಐಸ್ ಮ್ಯಾಲಿಂದ ಇಳಸ್ರಿ. ಫರೀದಾಬಾದಿನ ಆಚೆ ಹಳ್ಳ್ಯಾಗ ಮಣ್ಣಿಗೆ ಜಾಗ ಗೊತ್ತು ಮಾಡೇನಿ."

"ಬಸವರಾಜ, ಈ ಪಾರ್ಟ್‌ಟೈಮ್ ಅಯ್ಯನ ಮಾತು ಕೇಳಿ ಹೆಣಾ ಹೊತ್ತು ಹಳ್ಳಿ ಹಳ್ಳಿ ತಿರಗ್ತೀಯೇನು? ಆಫೀಸಿನವರು ಬಂದಾರ, ಮಂದಿ ನೋಡಾಕತ್ತಾರ."

ಬಸವರಾಜ ನನ್ನ ಮುಖ ನೋಡಿದ, ಸಾಹೇಬರ ಮುಖ ನೋಡಿದ, ನೆಲ ನೋಡಿದ. ನನಗೆ ಅಲ್ಲಿ ಅಧಿಕಾರವಿರಲಿಲ್ಲ. ಮಗ ಬೇಡವೆಂದರೆ ನನ್ನ ಮಾತು, ಬೇವಿನ ಮರ, ಎಲ್ಲ ಅಲ್ಲಿಗೇ ಮುಗಿದಂತೆ. ಆಗ ಬಾಗಿಲ ಸಂದಿಯಿಂದ ಪಲ್ಲವಿ ಹೇಳಿದಳು:

"ಪಪ್ಪಾ, ಅಜ್ಜೀನೇ ಬೋಲಾ ಥಾ. ಮೈಂ ವಹೀಂ ಥೀ. ಕುಂತು ಹೋಗ್ತೀನಿ ಅಂದ್ಲು. ಡ್ರಾಯಿಂಗ್ ಭೀ ದಿಯಾ, ಪಾಂವ್ ಕಾ."

ಅಜ್ಜಿಯೇ ಹೇಳಿದ್ದಳು, ನಾನಲ್ಲೇ ಇದ್ದೆ, ಪಾದದ ಚಿತ್ರವನ್ನೂ ಕೊಟ್ಟಳು ಅಂತ. ಬಸವರಾಜ ಕಣ್ಣೊರೆಸಿಕೊಂಡ. "ಬಿಸಿನೀರು ಕಾಸು," ಎಂದು ಹೆಂಡತಿಗೆ ಹೇಳಿದ.

ಮೊಳಕಾಲು ಆಗಲೇ ಬಿಗಿಯುತ್ತಿದ್ದವು. ಸೊಸೆ ಮತ್ತು ಪಕ್ಕದ ಮನೆಯ ಪಂಜಾಬಿ ಹೆಂಗಸು ಬಿಸಿನೀರಿನ ಬಟ್ಟೆಯಿಂದ ಒತ್ತಿ ಒತ್ತಿ ಸಡಿಲಿಸಿದರು, ಪಲ್ಲವಿ ಅಡುಗೆಮನೆಯಿಂದ ಪಾತ್ರೆ ಪಾತ್ರೆ ನೀರು ಹೊತ್ತಳು. ಕೊನೆಗೂ ಶಾಂತವ್ವ ಕಾಲು ಮಡಚಿ ಕುಳಿತರು. ಅವರಿಗೆ ಬಟ್ಟೆ ಕಟ್ಟಿ, ವಿಭೂತಿ ಹಚ್ಚಿ, ನನ್ನ ಬೂಟು ಸಾಕ್ಸು ಕಳಚಿ, ಅವರ ತಲೆಯ ಮೇಲೆ ನನ್ನ ಬಲಪಾದವಿಟ್ಟೆ. ನಮ್ಮಲ್ಲಿ ಅಯ್ಯ ಮಾಡಬೇಕಾದ ಕೊನೆಯ ಕೆಲಸ ಅದು. ಬೆಳಿಗ್ಗೆ ಬಸ್ಸಿನಲ್ಲಿ ತುಳಿಸಿಕೊಂಡ ಅದೇ ಪಾದ. ಅದಕ್ಕೆ ರಜೆಯ ದಿನ, ಕೆಲಸದ ದಿನ ಎಂದು ಎರಡು ಚರ್ಮವಿಲ್ಲ. ಪಾಟೀಲ ಸಾಹೇಬರತ್ತ ನೋಡಿಯೇ ಇಟ್ಟೆ.

ವ್ಯಾನಿನಲ್ಲಿ ಕುಳ್ಳಿರಿಸಲು ಆಗದು. ಬಟನ್ ಅಂಗಡಿಯವನಿಗೆ ಫೋನು ಮಾಡಿ ಅವನ ಟೆಂಪೋ ತರಿಸಿದೆ. ತಪ್ಪು ಛಾಯೆಯ ಮಾಲು ಕಳಿಸಿದವನು ಅವನೇ, ಇಲ್ಲವೆನ್ನಲು ಬಾಯಿರಲಿಲ್ಲ. ಹೂ ಕಟ್ಟಿದ ಕುರ್ಚಿಯಲ್ಲಿ ಶಾಂತವ್ವ, ಎಡಕ್ಕೆ ಬಸವರಾಜ, ಬಲಕ್ಕೆ ನಾನು. ಒಂದು ಕೈಯಲ್ಲಿ ಅವರ ಭುಜ, ಇನ್ನೊಂದರಲ್ಲಿ ಮೊಬೈಲು. "ಹಾಲಿನ ಬಿಳುಪಲ್ಲ ಭಯ್ಯಾ, ದಂತದ ಬಿಳುಪು. ಆರು ಗಂಟೆಗೆ ಖುರಾನಾನ ಮೇಜಿಗೆ." ಇದನ್ನು ಓದಿ ಯಾರಿಗಾದರೂ ಅಸಹ್ಯವಾದರೆ ಆಗಲಿ. ತರಕಾರಿಯವನ ಹತ್ತಿರ ಕೊತ್ತಂಬರಿ ಪುಕ್ಕಟೆ ಹಾಕಿಸಿಕೊಳ್ಳದೆ ಎದ್ದು ಬಂದವರಲ್ಲ ಶಾಂತವ್ವ. ಅವರಿಗೆ ಬೇಜಾರಾಗಿರಲಿಕ್ಕಿಲ್ಲ. ಒಂದು ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ದೇವಿಯ ಮೆರವಣಿಗೆ ಎಂದುಕೊಂಡು ಹೆಲ್ಮೆಟ್ ತೆಗೆದು ಕೈಮುಗಿದ. ಬಸವರಾಜ ಅಳುತ್ತಲೇ ನಕ್ಕ.

ಬೇವಿನ ಮರದ ಆಚೆ ಕುಣಿ ಸಿದ್ಧವಿತ್ತು. ತಾವೂಜಿ ಮೊಣಕಾಲವರೆಗೆ ಮಣ್ಣಾಗಿ ನಿಂತಿದ್ದ, ಕೈಯಲ್ಲಿ ಪೆನ್ಸಿಲಿನ ಪಾದದ ಕಾಗದ. ಹೊತ್ತು ಇಳಿಯುವ ಮೊದಲು ಶಾಂತವ್ವ ಅಂಗೈಯಲ್ಲಿ ಲಿಂಗ ಹಿಡಿದು, ಹರಿಯಾಣದ ನೆಲದಲ್ಲಿ ಕುಳಿತರು.

ಮರುದಿನ ಬೆಳಿಗ್ಗೆ ನೌಕರಿ ಇತ್ತೇ ಎಂದರೆ, ಇತ್ತು. ದಂತದ ಬಿಳುಪು ಮೇಜು ತಲುಪಿತ್ತು. ಖುರಾನಾ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ನಾನೇ ಒಂದು ಕಾಗದ ಟೈಪು ಮಾಡಿಸಿ ಸಹಿಗೆ ಇಟ್ಟೆ: ಸಾವಿನ ಕರೆಗೆ ಮುಂಚಿತ ಅನುಮತಿ ಬೇಕಿಲ್ಲ, ಬದಲಿಗೆ ದೀಪಾವಳಿಗೆ ಕೆಲಸ ಮಾಡುತ್ತೇನೆ. ಬಯ್ಯುತ್ತಲೇ ಸಹಿ ಹಾಕಿದ. ಕೇಳುವುದಿದ್ದರೆ ಬರಹದಲ್ಲಿ ಕೇಳಿ. ಬಾಯಿಮಾತಿನ ದೊಡ್ಡತನ ಮ್ಯಾನೇಜರ್ ಬದಲಾದ ದಿನ ಹೋಗಿಬಿಡುತ್ತದೆ.

ಒಂದು ತಿಂಗಳ ಮೇಲೆ ಪಾಟೀಲ ಸಾಹೇಬರು ಕೂಟದಲ್ಲಿ ಮೂಲೆಗೆ ಕರೆದು, ಮಡಚಿದ ಒಂದು ಹಾಳೆ ಜೇಬಿಗೆ ತುರುಕಿದರು. "ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ," ಎಂದಷ್ಟೇ ಹೇಳಿದರು. ಬಿಚ್ಚಿದೆ. ಸಾಹೇಬರ ಪಾದ ದೊಡ್ಡದೇ ಇದೆ.

ಊರಲ್ಲಿ ಅಣ್ಣ ಮನೆಯ ಪೂಜೆ ನಡೆಸುತ್ತಿದ್ದಾನೆ. ಮನೆಯ ಹಿಂದೆ ಅಪ್ಪನ ಸಮಾಧಿಯ ಪಕ್ಕ ನನಗೊಂದು ಜಾಗ ಬಿಟ್ಟಿದ್ದಾನಂತೆ. ತಾವೂಜಿ ಕೂಡ ಬೇವಿನ ಮರದ ಆಚೆ ಕೈ ತೋರಿಸಿ, "ನೀನೂ ಕುಳಿತು ಹೋಗುವವನೇ ತಾನೇ," ಎಂದಿದ್ದಾನೆ. ಎರಡೂ ಕಡೆ ಜಾಗವಿರುವವನು ನಾನು. ಸಾಹುಕಾರ ಎನ್ನಬಹುದು. ಆದರೆ ಶಾಂತವ್ವನ ವರ್ಷದ ಪೂಜೆಗೆ ಹೋದಾಗ ಪಲ್ಲವಿ ಕೇಳಿದಳು: "ಅಯ್ಯ ಅಂಕಲ್, ಅಜ್ಜಿದು ನೀವು ಮಾಡಿದ್ರಿ. ಆಪ್ ಕಾ ಕೌನ್ ಕರೇಗಾ?"

ನಿಮ್ಮದನ್ನು ಯಾರು ಮಾಡುತ್ತಾರೆ. ದಿಲ್ಲಿಯಲ್ಲಿ ನೆಲ ಸಿಕ್ಕಿದೆ, ನನ್ನ ತಲೆಯ ಮೇಲಿಡುವ ಪಾದ ಇಲ್ಲಿ ಇಲ್ಲ, ಅದು ಗದಗಿನ ಕಡೆ ಇದೆ.

"ನಮ್ಮ ಅಣ್ಣ ಬರಬೇಕು, ಊರಿಂದ."

"ಟ್ರೇನ್‌ನಲ್ಲಿ? ದೋ ದಿನ್ ಲಗೇಂಗೇ. ಮೊಳಕಾಲು ಟೈಟ್ ಆಗಿಬಿಡುತ್ತಲ್ಲ."

ನೋಡಿದ್ದಾಳೆ, ಮರೆತಿಲ್ಲ. ಬ್ಯಾಗಿನಿಂದ ಆರ್ಡರ್ ಫಾರಂ ಒಂದನ್ನು ತೆಗೆದೆ. ಬೂಟು ಕಳಚಿ, ಹಿಂಬದಿಯ ಮೇಲೆ ಪಾದವಿಟ್ಟೆ. ಪೆನ್ಸಿಲು ಅವಳ ಕೈಗೆ ಕೊಟ್ಟು, "ಅಣ್ಣ ಬಂದು ಮುಟ್ಟೋದ್ರೊಳಗ ನೀನು ಬಿಸಿನೀರು ಕಾಸಿ ಕೂಡ್ರಿಸಿರು," ಎಂದೆ. ಅವಳು ನಾಲಗೆ ಕಚ್ಚಿಕೊಂಡು, ಕಪ್ಪು ಹೆಬ್ಬೆರಳಿನ ಸುತ್ತ ನಿಧಾನಕ್ಕೆ ಗೆರೆ ಎಳೆದಳು.